ಹೊಸ ಬರ್ಗಾರಾ ಬಿ-14 ಎಚ್‌ಎಂಆರ್ ಕೋವಿ: 100 ಗಜಕ್ಕೇ ಗುಂಡು ಮೇಲೆ ಕೆಳಗೆ ಬೀಳ್ತಿದೆ, ತಪ್ಪು ಎಲ್ಲಿದೆ?

ಫೀನಿಕ್ಸ್ ಬಿಸಿಲು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ತುಂಬಾ ದಿನ ಯೋಚನೆ ಮಾಡಿ ಕೊನೆಗೂ ಬರ್ಗಾರಾ ಬಿ-14 ಎಚ್‌ಎಂಆರ್ ತಗೊಂಡೆ. 6.5 ಕ್ರೀಡ್‌ಮೂರ್ ತೋಟಾದ್ದು, 22 ಇಂಚಿನ ಬ್ಯಾರಲ್ (ನಳಿಗೆ). ಮೇಲೆ ಸ್ಕೋಪ್ ಕೂರಿಸುವ ಪಟ್ಟಿ, ಅಂದರೆ ರೈಲ್, 20 ಎಂಒಎ ಇಳಿಜಾರಿನದು (ಎಂಒಎ ಅಂದರೆ ಕೋನದ ಅಳತೆ, ಒಂದಕ್ಕೆ 100 ಗಜದಲ್ಲಿ ಸುಮಾರು ಒಂದು ಇಂಚು), ಅದರ ಮೇಲೆ ವೋರ್ಟೆಕ್ಸ್ ವೈಪರ್ ಪಿಎಸ್‌ಟಿ ಜೆನ್ 2, 5-25 ಪಟ್ಟು ಸ್ಕೋಪ್. ಕೆಳಗೆ ಹ್ಯಾರಿಸ್ ಬೈಪಾಡ್ (ಎರಡು ಕಾಲಿನ ಆಸರೆ). ತೋಟಾ ಹಾರ್ನಡಿಯ 140 ಗ್ರೇನ್ ಇಎಲ್‌ಡಿ ಮ್ಯಾಚ್.

ಮೊದಲು ಖುಷಿಯಾದ ವಿಷಯ ಹೇಳ್ತೀನಿ. ಬೋಲ್ಟ್ ಎಳೆದರೆ ಎಲ್ಲೂ ಸಿಕ್ಕಿಕೊಳ್ಳಲ್ಲ. ಟ್ರಿಗರ್ ಸುಮಾರು 3 ಪೌಂಡ್ ಇರಬಹುದು, ಒತ್ತಿದರೆ ಚಟಕ್ ಅಂತ ಒಂದೇ ಸಲಕ್ಕೆ ಬಿಡುತ್ತೆ, ಎಳೆದಾಟ ಇಲ್ಲ. ಸ್ಟಾಕ್, ಅಂದರೆ ಹಿಡಿದು ಹೆಗಲಿಗೆ ಒತ್ತುವ ಭಾಗ, ಹೊರಗಿನಿಂದ ನೋಡಲು ಪ್ಲಾಸ್ಟಿಕ್ ಥರ ಕಂಡರೂ ಒಳಗೆ ಅಲ್ಯೂಮಿನಿಯಂ ಚೌಕಟ್ಟು ಇದೆ, ಅದಕ್ಕೆ ಹಿಡಿದರೆ ಗಟ್ಟಿ ಅನ್ನಿಸುತ್ತೆ. ಭಾರ ಮಾತ್ರ ಕೇಳಬೇಡಿ. ಸ್ಕೋಪು ಬೈಪಾಡು ಸೇರಿದರೆ ಐದೂವರೆ ಕೆಜಿ ಹತ್ತಿರ. ಇದನ್ನು ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತುವ ಆಸೆ ಇರುವವರು ಬೇರೆ ನೋಡಿ.

ಈಗ ತಲೆನೋವು. ಬೆನ್ ಆವೆರಿ ರೇಂಜ್‌ನಲ್ಲಿ 100 ಗಜಕ್ಕೆ ಹೊಡೆದೆ. ಮೊದಲ ಮೂರು ಗುಂಡು ಅರ್ಧ ಇಂಚಿನೊಳಗೆ! ಆಹಾ ಅಂದುಕೊಂಡೆ. ಮುಂದಿನ ಮೂರು ಒಂದೂಮುಕ್ಕಾಲು ಇಂಚು. ಆಮೇಲೆ ಒಮ್ಮೆ ಹಾಗೆ ಒಮ್ಮೆ ಹೀಗೆ. ಹೆಚ್ಚಾಗಿ ಮೇಲೆ ಕೆಳಗೆ ಹರಡುತ್ತೆ, ಅಕ್ಕಪಕ್ಕ ಅಷ್ಟಿಲ್ಲ. ಸ್ಕೋಪ್ ಅಂಗಡಿಯವರೇ ಪುಕ್ಕಟೆ ಕೂರಿಸಿಕೊಟ್ಟಿದ್ದು. ರೆಟಿಕಲ್ (ಸ್ಕೋಪಿನೊಳಗಿನ ಗುರಿ ಗೆರೆ) ಸ್ವಲ್ಪ ವಾರೆ ಇದೆಯೇನೋ ಅನ್ನಿಸುತ್ತೆ, 25ಕ್ಕೆ ಏರಿಸಿದರೆ ಪೂರ್ತಿ ಚಿತ್ರ ಕಾಣಲು ಕತ್ತು ಮುಂದೆ ಚಾಚಬೇಕು. ಕಂಪನಿಯವರು 1 ಎಂಒಎ ಗ್ಯಾರಂಟಿ ಕೊಡ್ತಾರೆ. ವಾಪಸ್ ಕಳಿಸಲಾ? ಹೊಸ ಬ್ಯಾರಲ್ ಪಳಗಿಸೋಕೆ, ಬ್ರೇಕ್-ಇನ್ ಅಂತ, ಒಂದೊಂದು ಗುಂಡಿಗೂ ಕ್ಲೀನ್ ಮಾಡಬೇಕು ಅಂತಾರಲ್ಲ, ಅದು ನಿಜವಾ?

ಡಲ್ಲಾಸ್ ದೊಡ್ಡಣ್ಣ:

ವಾಪಸ್ ಗೀಪಸ್ ಏನೂ ಬೇಡ ಸರ್, ತಾಳಿ. ಅರ್ಧ ಇಂಚು ಹೊಡೆದ ಕೋವಿ ಮರುಗಳಿಗೆಯಲ್ಲಿ ಒಂದೂಮುಕ್ಕಾಲು ಹೊಡೆಯುತ್ತೆ ಅಂದರೆ ನನ್ನ ಅನುಮಾನ ಬ್ಯಾರಲ್ ಮೇಲೆ ಹೋಗಲ್ಲ, ಸ್ಕ್ರೂ ಮೇಲೆ ಹೋಗುತ್ತೆ. ನಾನೂ ಇದೇ ಎಚ್‌ಎಂಆರ್ ಇಟ್ಟುಕೊಂಡಿದ್ದೀನಿ, .308ರಲ್ಲಿ.

ಅಂಗಡಿಯವರು ಕೂರಿಸಿದ್ದನ್ನು ಪೂರ್ತಿ ಬಿಚ್ಚಿ. ಹೌದು, ಪೂರ್ತಿ. ಬೋಲ್ಟ್ ಹೊರಗೆ ತೆಗೆದು, ತೋಟಾ ಕೂರುವ ಚೇಂಬರ್ ಖಾಲಿ ಇದೆ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿದ ಮೇಲೆ ಶುರು ಮಾಡಿ. ಸುಮಾರು ಜನ ಸ್ಕೋಪ್ ಹಿಡಿಯುವ ರಿಂಗ್‌ನ ಸ್ಕ್ರೂ ನೋಡಿ ಸುಮ್ಮನಾಗ್ತಾರೆ, ಅದರ ಕೆಳಗಿನ ರೈಲ್ ಸ್ಕ್ರೂ ನೋಡಲ್ಲ, ಯಾಕಂದ್ರೆ ಅದಕ್ಕೆ ಸ್ಕೋಪ್ ಇಳಿಸಬೇಕು. ರೈಲ್ ಕೂದಲೆಳೆಯಷ್ಟು ಅಲ್ಲಾಡಿದರೂ ನೀವು ಹೇಳಿದ ಹಾಗೇ ಆಗುತ್ತೆ. ಸ್ಕ್ರೂಗೂ ತೂತಿಗೂ ಹತ್ತಿರುವ ಎಣ್ಣೆ ಒರೆಸಿ, ಒಂದು ಹನಿ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದ ಹಾಗೆ ಹಿಡಿಯುವ ಅಂಟು) ಹಾಕಿ, ರೈಲ್ ಜೊತೆ ಬಂದ ಚೀಟಿಯಲ್ಲಿರುವ ಟಾರ್ಕ್‌ಗೆ, ಅಂದರೆ ಬಿಗಿತದ ಅಳತೆಗೆ, ಬಿಗಿ ಮಾಡಿ. ಇಂಚ್-ಪೌಂಡ್ ಟಾರ್ಕ್ ರೆಂಚ್ ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳಿ. ಸ್ಟಾಕ್‌ಗೆ ಆಕ್ಷನ್ (ಬೋಲ್ಟ್ ಓಡಾಡುವ ಲೋಹದ ಭಾಗ) ಹಿಡಿಯುವ ಸ್ಕ್ರೂ ಎರಡೂ ಅಷ್ಟೇ, ಕೈಪಿಡಿಯ ಅಂಕಿ ನೋಡಿ ಬಿಗಿ ಮಾಡಿ, ಅಂದಾಜು ಬೇಡ.

ಸ್ಕೋಪ್ ಕೂರಿಸುವ ಮೊದಲು ಸ್ಟಾಕ್ ನಿಮ್ಮ ಮೈಗೆ ಹೊಂದಿಸಿಕೊಳ್ಳಿ. ಇದನ್ನು ಎಲ್ಲರೂ ಉಲ್ಟಾ ಮಾಡ್ತಾರೆ. ಹಿಂದೆ ಸ್ಟಾಕಿನ ಉದ್ದ ಹೆಚ್ಚಿಸುವ ಸ್ಪೇಸರ್ ಬಿಲ್ಲೆ ಇದೆಯಲ್ಲ, ತೋಳು ಗಿಡ್ಡ ಇದ್ದರೆ ಒಂದೆರಡು ತೆಗೀರಿ. ಆಮೇಲೆ ಸ್ಕೋಪ್ ರಿಂಗ್‌ನಲ್ಲಿ ಸಡಿಲವಾಗಿ ಇಟ್ಟು, 25ಕ್ಕೆ ಏರಿಸಿ, ನೀವು ಹೊಡೆಯುವ ಭಂಗಿಯಲ್ಲೇ ಮಲಗಿ ಕಣ್ಣು ಮುಚ್ಚಿ ಕೆನ್ನೆ ಇಡಿ. ಕಣ್ಣು ತೆರೆದಾಗ ಚಿತ್ರ ಪೂರ್ತಿ ಕಾಣಬೇಕು. ಕಾಣದಿದ್ದರೆ ಸ್ಕೋಪ್ ಹಿಂದೆ ಮುಂದೆ ಸರಿಸಿ, ಚೀಕ್‌ಪೀಸ್ ಏರಿಸಿ ಇಳಿಸಿ. ಕತ್ತು ಸರಿಸಬೇಡಿ.

ವಾರೆ ವಿಷಯ. ಗೋಡೆಗೆ ದಾರ ಹೊಡೆದು ತುದಿಗೆ ಒಂದು ನಟ್ಟೋ ಬೋಲ್ಟೋ ಕಟ್ಟಿ ನೇತುಹಾಕಿ. ಕೋವಿಯನ್ನು ಮಟ್ಟಗೋಲು ಇಟ್ಟು ನೇರ ಮಾಡಿ. ರೆಟಿಕಲ್‌ನ ಉದ್ದ ಗೆರೆ ಆ ದಾರದ ಮೇಲೆ ಕೂರುವವರೆಗೆ ಸ್ಕೋಪ್ ತಿರುಗಿಸಿ. ಈಗ ಬಿಗಿ ಮಾಡುವಾಗ ಒಂದೇ ಕಡೆಯ ಸ್ಕ್ರೂ ಪೂರ್ತಿ ತಿರುಗಿಸಿದರೆ ಸ್ಕೋಪ್ ಮತ್ತೆ ಹೊರಳುತ್ತೆ, ಅದಕ್ಕೇ ಅಡ್ಡಡ್ಡಲಾಗಿ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪ. ರಿಂಗ್‌ನ ಮೇಲಿನ ಸ್ಕ್ರೂಗೆ ಸಾಮಾನ್ಯವಾಗಿ 15-18 ಇಂಚ್-ಪೌಂಡ್ ಸಾಕು. ಜಾಸ್ತಿ ಬಿಗಿದರೆ ಸ್ಕೋಪಿನ ಕೊಳವೆಯೇ ನಗ್ಗುತ್ತೆ.

ಒಂದು ಡಿಗ್ರಿ ವಾರೆ ಇದ್ದರೆ 100 ಗಜದಲ್ಲಿ ನಿಮಗೆ ಗೊತ್ತೇ ಆಗಲ್ಲ. 1000 ಗಜಕ್ಕೆ ಟರೆಟ್ (ಸ್ಕೋಪಿನ ಗುರಿ ಏರಿಸಿ ಇಳಿಸುವ ಗುಬುಟು) ತಿರುಗಿಸಿ ಹೊಡೆದಾಗ ಗುಂಡು ಸುಮಾರು 5 ಇಂಚು ಪಕ್ಕಕ್ಕೆ ಹೋಗಿರುತ್ತೆ. ಆಗ ಪಾಪ ಗಾಳಿಯನ್ನು ಬೈಯುತ್ತಾ ಕೂತಿರ್ತೀವಿ.

ಬ್ರೇಕ್-ಇನ್ ಬಗ್ಗೆ ನನ್ನ ಅಭಿಪ್ರಾಯ: ಮೊದಲ ಸಲ ಹೊಡೆಯುವ ಮುಂಚೆ ಒಮ್ಮೆ ಚೆನ್ನಾಗಿ ಕ್ಲೀನ್ ಮಾಡಿ, ಆಮೇಲೆ ಹೊಡೆಯುತ್ತಾ ಹೋಗಿ. ಬರ್ಗಾರಾದವರು ಬ್ಯಾರಲ್ ಒಳಗೆ ಹೋನಿಂಗ್ ಮಾಡಿಯೇ, ಅಂದರೆ ಉಜ್ಜಿ ನಯ ಮಾಡಿಯೇ ಕಳಿಸ್ತಾರೆ.

ಒಂದೇ ತೂತು:

ದೊಡ್ಡಣ್ಣ ಹೇಳಿದ್ದು ಸರಿ, ಆದರೆ ಮೂರು ಗುಂಡಿನ ಗ್ರೂಪ್ ನೋಡಿ ಯಾರೂ ಏನೂ ತೀರ್ಮಾನ ಮಾಡಬೇಡಿ. ಆ ಅರ್ಧ ಇಂಚು ಕೂಡ ಅದೃಷ್ಟವೇ ಇರಬಹುದು. ನಿಜವಾಗಿ ಒಂದು ಇಂಚಿನೊಳಗೆ ಹೊಡೆಯುವ ಕೋವಿ ಆಗಾಗ ಮೂರನ್ನು ಅರ್ಧ ಇಂಚಲ್ಲಿ ಹಾಕುತ್ತೆ, ಅದನ್ನೇ ಫೋಟೋ ತೆಗೆದು ಎಲ್ಲರೂ ಹಾಕೋದು. ಒಂದೇ ಗುರಿಗೆ 10 ಹೊಡೆಯಿರಿ, ನಡುವೆ ಬ್ಯಾರಲ್ ಆರಲು ಬಿಡಿ. ಆ ಹತ್ತರ ನಡುಬಿಂದು ನೋಡಿ ಜೀರೋ ಮಾಡಿ, ಅಂದರೆ ಸ್ಕೋಪಿನ ಗುರಿ ಅಲ್ಲಿಗೆ ಹೊಂದಿಸಿ. ನಿಮ್ಮ ಸ್ಕೋಪ್ ಮಿಲ್‌ನದ್ದಾದರೆ (ಮಿಲ್ ಕೂಡ ಕೋನದ ಅಳತೆಯೇ) ಒಂದು ಕ್ಲಿಕ್ 0.1 ಮಿಲ್, ಅಂದರೆ 100 ಗಜದಲ್ಲಿ 0.36 ಇಂಚು. ಮೂರು ಗುಂಡು ಹೊಡೆದು ಎರಡು ಕ್ಲಿಕ್, ಮತ್ತೆ ಮೂರು ಹೊಡೆದು ವಾಪಸ್ ಒಂದು ಕ್ಲಿಕ್, ಈ ಆಟ ಆಡಿದರೆ ಡಬ್ಬಿ ಖಾಲಿ ಆಗುತ್ತೆ, ಜೀರೋ ಆಗಲ್ಲ.

ಮೇಲೆ ಕೆಳಗೆ ಹರಡುವುದಕ್ಕೆ ತೋಟಾದ ವೇಗ ಕಾರಣ ಅಂತ ಯಾರಾದರೂ ಹೇಳಬಹುದು. 100 ಗಜದಲ್ಲಿ ಅದು ಕಾರಣ ಅಲ್ಲ. ವೇಗ ಸೆಕೆಂಡಿಗೆ 30 ಅಡಿ ಹೆಚ್ಚುಕಮ್ಮಿ ಆದರೂ ಅಲ್ಲಿ ಇಂಚಿನ ಹತ್ತನೇ ಒಂದು ಭಾಗವೂ ವ್ಯತ್ಯಾಸ ಬರಲ್ಲ. 1000 ಗಜದಲ್ಲಿ 8-10 ಇಂಚು ಬರುತ್ತೆ, ಅದು ಬೇರೆ ಕಥೆ. ಸ್ಕ್ರೂ ಸರಿ ಇದ್ದರೆ ನಾನು ಬೈಪಾಡ್ ನೋಡ್ತೀನಿ. ಸಿಮೆಂಟ್ ಬೆಂಚಿನ ಮೇಲೆ ಹ್ಯಾರಿಸ್ ಕಾಲು ಪುಟಿಯುತ್ತೆ. ಕೆಳಗೆ ಒಂದು ತುಂಡು ಕಾರ್ಪೆಟ್ ಹಾಕಿ ನೋಡಿ. ಹಿಂದೆ ಮರಳು ಚೀಲ ಇದೆಯಾ ಇಲ್ವಾ ಅಂತ ನೀವು ಬರೆದೇ ಇಲ್ಲ.

ಕೂರ್ಗಿನವ:

ನಾನು ವಿರಾಜಪೇಟೆ ಕಡೆಯವನು, ಈಗ ಕೆಲಸಕ್ಕೆ ಕೊಲರಾಡೊದಲ್ಲಿದ್ದೀನಿ. ನಮ್ಮಲ್ಲಿ ಕೈಲ್‌ಪೊದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ ಇರುತ್ತೆ. ಅಲ್ಲಿ ಸ್ಕೋಪೂ ಇಲ್ಲ ಟರೆಟ್ಟೂ ಇಲ್ಲ. ಹಾಗೆ ಬೆಳೆದ ನನಗೆ ಇಲ್ಲಿನ 25 ಪಟ್ಟು ಸ್ಕೋಪ್ ಮೊದಲು ತೊಂದರೆಯನ್ನೇ ಕೊಟ್ಟಿತು, ಎದೆಬಡಿತ ಕೂಡ ಕಾಣುತ್ತಲ್ಲ ಅದರಲ್ಲಿ. ಜೀರೋ ಮಾಡುವಾಗ 12-15ಕ್ಕೆ ಇಳಿಸಿ ನೋಡಿ.

ಇನ್ನೊಂದು, ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದಾಗ ಗೆರೆಯೂ ಗುರಿಯ ಮೇಲೆ ಸರಿದ ಹಾಗೆ ಕಾಣುವುದು. ಟರೆಟ್ ಪಕ್ಕದ ಗುಬುಟು ಮೇಲೆ 100 ಅಂತ ಬರೆದಿದೆ ಅಂತ ಅಲ್ಲಿಗೆ ಇಟ್ಟು ಬಿಡಬೇಡಿ. ಕೋವಿ ಅಲ್ಲಾಡದ ಹಾಗೆ ಇಟ್ಟು, ತಲೆಯನ್ನು ಮಾತ್ರ ಸ್ವಲ್ಪ ಮೇಲೆ ಕೆಳಗೆ ಮಾಡಿ. ರೆಟಿಕಲ್ ಗುರಿಯ ಮೇಲೆ ಜಾರಿದ ಹಾಗೆ ಕಂಡರೆ ಇನ್ನೂ ಸರಿಯಾಗಿಲ್ಲ. ನೀವು ಕತ್ತು ಚಾಚಿ ಹೊಡೆಯುತ್ತಿದ್ದೀರಿ ಅಂದಿರಿ, ಕೆನ್ನೆ ಪ್ರತಿ ಸಲ ಬೇರೆ ಕಡೆ ಕೂತು, ಪ್ಯಾರಲಾಕ್ಸೂ ಸರಿ ಇಲ್ಲದಿದ್ದರೆ ಗುಂಡು ಮೇಲೆ ಕೆಳಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಮನೆಯಲ್ಲಿ ಖಾಲಿ ಟ್ರಿಗರ್ ಅಭ್ಯಾಸ ಮಾಡಿ. ತೋಟಾ ಬೇರೆ ಕೋಣೆಯಲ್ಲಿರಲಿ.

ಸಿಲಿಕಾನ್ ಸೀನ:

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಎಚ್-1ಬಿ ಮೇಲೆ ಇದ್ದೀನಿ. ಇದನ್ನೆಲ್ಲ ಓದಿ ಆಸೆ ಆಗ್ತಿದೆ. ಕೊಳ್ಳಬಹುದಾ?

ಡಲ್ಲಾಸ್ ದೊಡ್ಡಣ್ಣ:

ಸುಮ್ನೆ ಹೋಗಿ ಕೊಳ್ಳಬೇಡಿ. ಎಚ್-1ಬಿ ಥರದ ವೀಸಾದವರು ಕೋವಿ, ತೋಟಾ ಇಟ್ಟುಕೊಳ್ಳುವಂತಿಲ್ಲ ಅಂತ ಇಲ್ಲಿನ ಫೆಡರಲ್ ಕಾನೂನು. ಅದಕ್ಕೆ ಕೆಲವು ವಿನಾಯಿತಿ ಇವೆ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಅದರಲ್ಲಿ ಒಂದು. ಕೊಳ್ಳುವಾಗ ತುಂಬುವ 4473 ಫಾರಂನಲ್ಲಿ ಇದೇ ಪ್ರಶ್ನೆ ಇದೆ. ಗ್ರೀನ್ ಕಾರ್ಡ್‌ನವರಿಗೆ ಈ ತಡೆ ಇಲ್ಲ. ನಿಮ್ಮ ರಾಜ್ಯದ ನಿಯಮ ಬೇರೆಯೇ ಇರುತ್ತೆ. ವೀಸಾ ವಿಷಯ ನೋಡಿ, ಮೊದಲು ವಕೀಲರನ್ನು ಕೇಳಿ. ಗೆಳೆಯರ ಕೋವಿ ಒಂದು ಸಲ ಹಿಡಿದು ನೋಡ್ತೀನಿ ಅನ್ನುವುದಕ್ಕೂ ಇದೇ ಕಾನೂನು ಅಡ್ಡ ಬರಬಹುದು.

ಫೀನಿಕ್ಸ್ ಬಿಸಿಲು:

ಎಲ್ಲರಿಗೂ ಥ್ಯಾಂಕ್ಸ್. ಬಿಚ್ಚಿದೆ. ದೊಡ್ಡಣ್ಣ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ರೈಲ್‌ನ ಮುಂದಿನ ಎರಡು ಸ್ಕ್ರೂ ಬೆರಳಲ್ಲೇ ತಿರುಗಿದವು! ಒಂದು ಹನಿ ಥ್ರೆಡ್‌ಲಾಕರ್ ಕೂಡ ಕಾಣಲಿಲ್ಲ. ಪುಕ್ಕಟೆ ಕೆಲಸ ಅಂದರೆ ಇದೇ ಅಲ್ವಾ. ದಾರ ಕಟ್ಟಿ ನೋಡಿದರೆ ರೆಟಿಕಲ್ ನಿಜವಾಗಿಯೂ ವಾರೆ ಇತ್ತು, ಎಡಕ್ಕೆ. ಸ್ಕೋಪ್ ಹಿಂದಕ್ಕೆ ಸರಿಸಿ ಒಂದು ಸ್ಪೇಸರ್ ತೆಗೆದೆ, ಈಗ ಕೆನ್ನೆ ಇಟ್ಟ ತಕ್ಷಣ ಚಿತ್ರ ತುಂಬಿಕೊಂಡು ಕಾಣುತ್ತೆ.

ಬೆಳಿಗ್ಗೆ ರೇಂಜ್ ತೆರೆದ ಕೂಡಲೇ ಹೋದೆ, ಹತ್ತು ಗಂಟೆ ದಾಟಿದರೆ ಇಲ್ಲಿ ಗುರಿ ನೀರಲ್ಲಿ ತೇಲಿದ ಹಾಗೆ ಕಾಣುತ್ತೆ. ಹಿಂದೆ ಚೀಲ, ಕೆಳಗೆ ಕಾರ್ಪೆಟ್, ಸ್ಕೋಪ್ 15ಕ್ಕೆ. ಹತ್ತು ಗುಂಡು ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ, ಆದರೆ ದುಂಡಗೆ. ಆ ಉದ್ದುದ್ದ ಹರಡುವುದು ಹೋಯಿತು. ನನಗೆ ಇಷ್ಟು ಸಾಕು, ಮಿಕ್ಕಿದ್ದು ನನ್ನ ಕೈಯದ್ದು.

ಇನ್ನೊಂದೇ ಪ್ರಶ್ನೆ. ಡಬ್ಬಿಯ ಮೇಲೆ ವೇಗ ಸೆಕೆಂಡಿಗೆ 2710 ಅಡಿ ಅಂತ ಇದೆ. ಅದನ್ನೇ ದೂರದ ಗುರಿ ಲೆಕ್ಕ ಹಾಕುವ ಆ್ಯಪ್‌ಗೆ ಹಾಕಲಾ?

ಒಂದೇ ತೂತು:

ಬೇಡ. ಡಬ್ಬಿಯ ಅಂಕಿ 24 ಇಂಚಿನ ಬ್ಯಾರಲ್‌ನಲ್ಲಿ ಅಳೆದದ್ದು, ನಿಮ್ಮದು 22, ಸ್ವಲ್ಪ ಕಡಿಮೆಯೇ ಬರುತ್ತೆ. ಹೊಸ ಬ್ಯಾರಲ್ ಮೊದಲ ನೂರಿನ್ನೂರು ಗುಂಡಿನಲ್ಲಿ ಸ್ವಲ್ಪ ವೇಗ ಹೆಚ್ಚಿಸಿಕೊಳ್ಳುವುದೂ ಉಂಟು. ಅಷ್ಟಾದ ಮೇಲೆ ಯಾರದ್ದಾದರೂ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇಸಕೊಂಡು ಅಳೆಯಿರಿ. ಅಳೆಯುವ ದಿನ ತೋಟಾ ಡಬ್ಬಿಯನ್ನು ಆ ಫೀನಿಕ್ಸ್ ಬಿಸಿಲಲ್ಲಿ ಬೆಂಚಿನ ಮೇಲೆ ಬಿಡಬೇಡಿ, ಮದ್ದು ಕಾದರೆ ವೇಗವೂ ಏರುತ್ತೆ. ದೂರಕ್ಕೆ ಹೊಡೆಯಲು ಟರೆಟ್ ಮೇಲಕ್ಕೆ ತಿರುಗಿಸುವ ಜಾಗದ ಚಿಂತೆ ನಿಮಗೆ ಇಲ್ಲ. ಸ್ಕೋಪಿನ ಒಟ್ಟು 20 ಮಿಲ್‌ನಲ್ಲಿ ಅರ್ಧ 10, ರೈಲಿನ 20 ಎಂಒಎ, ಅಂದರೆ ಸುಮಾರು 6 ಮಿಲ್, ಸೇರಿದರೆ ಮೇಲಕ್ಕೆ ಹತ್ತಿರಹತ್ತಿರ 15-16 ಮಿಲ್ ಸಿಗುತ್ತೆ, 1000 ಗಜಕ್ಕೆ 8-9 ಸಾಕು. ಜೀರೋ ಸ್ಟಾಪ್ (ಟರೆಟ್ ವಾಪಸ್ ತಿರುಗಿಸಿದಾಗ ಜೀರೋದಲ್ಲೇ ನಿಲ್ಲಿಸುವ ತಡೆ) ಮಾತ್ರ ಈಗಲೇ ಸೆಟ್ ಮಾಡಿ ಇಟ್ಟುಬಿಡಿ.