ಎರಡು ಡೈರೆಕ್ಟರಿ ಲಾಕ್ ಮಾಡಬೇಕು, ಯಾವುದನ್ನು ಮೊದಲು?

ರಾಯಚೂರು ಹುಡುಗ:
ಬಿಇ ಕೊನೆಯ ವರ್ಷ. ಪ್ರಾಜೆಕ್ಟ್‌ಗೆ ಎಂಐಟಿಯ ಎಕ್ಸ್‌ವಿ6 (ಪಾಠಕ್ಕೆಂದೇ ಬರೆದ ಚಿಕ್ಕ ಆಪರೇಟಿಂಗ್ ಸಿಸ್ಟಮ್) ತಗೊಂಡಿದ್ದೇನೆ. ಅದರಲ್ಲಿ ರಿನೇಮ್ ಸಿಸ್ಟಮ್ ಕಾಲ್ (ಫೈಲಿನ ಹೆಸರು ಅಥವಾ ಜಾಗ ಬದಲಿಸಲು ಪ್ರೋಗ್ರಾಮ್ ಸಿಸ್ಟಮ್‌ಗೆ ಮಾಡುವ ಕೋರಿಕೆ) ಇಲ್ಲ, ಅದನ್ನು ನಾನೇ ಬರೆದೆ. ಬೇರೆ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಮುಟ್ಟದಂತೆ ಹಳೆ ಡೈರೆಕ್ಟರಿಗೆ ಲಾಕ್ ಹಾಕುತ್ತೇನೆ, ಆಮೇಲೆ ಹೊಸದಕ್ಕೆ. ಒಂದೇ ಪ್ರೋಸೆಸ್ ಇದ್ದರೆ ಚೆನ್ನಾಗಿ ನಡೆಯುತ್ತದೆ. ಒಂದು 'ಎ'ಯಿಂದ 'ಬಿ'ಗೆ, ಇನ್ನೊಂದು 'ಬಿ'ಯಿಂದ 'ಎ'ಗೆ ಫೈಲ್ ಸಾಗಿಸುವಂತೆ ಒಟ್ಟಿಗೆ ಬಿಟ್ಟರೆ ಎರಡೂ ನಿಂತುಬಿಡುತ್ತವೆ. ಪ್ರೋಸೆಸ್‌ಗಳ ಪಟ್ಟಿ ತೋರಿಸುವ ಕಂಟ್ರೋಲ್-ಪಿ ಒತ್ತಿದರೆ ಎರಡೂ 'ಸ್ಲೀಪ್', ಅಂದರೆ ಕಾಯುತ್ತಿವೆ. ಪ್ಯಾನಿಕ್ (ಸಿಸ್ಟಮ್ ತಾನೇ ಕೈಚೆಲ್ಲಿ ನಿಲ್ಲುವುದು) ಇಲ್ಲ, ಎರರ್ ಇಲ್ಲ. ನಿನ್ನೆ ರಾತ್ರಿ 2ರವರೆಗೆ ಪ್ರಿಂಟ್‌ಎಫ್ ಹಾಕಿ ಹುಡುಕಿದೆ. ಸೋಮವಾರ ಡೆಮೊ ಇದೆ.

ಬಳ್ಳಾರಿಯಿಂದ:
ನಮ್ಮಪ್ಪ ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಒಬ್ಬರು ಆವಕದ ಪುಸ್ತಕ ಹಿಡಿದು ಉದ್ರಿ ಪುಸ್ತಕಕ್ಕೆ ಕಾಯುವುದು, ಇನ್ನೊಬ್ಬರು ಉದ್ರಿ ಹಿಡಿದು ಆವಕಕ್ಕೆ ಕಾಯುವುದು. ನಿಮ್ಮದೂ ಅದೇ. ಎಲ್ಲರೂ ಒಂದೇ ಕ್ರಮದಲ್ಲಿ ಹಿಡಿಯಬೇಕು. ಐನೋಡ್ ನಂಬರ್ (ಪ್ರತಿ ಫೈಲ್, ಡೈರೆಕ್ಟರಿಗೆ ಸಿಸ್ಟಮ್ ಕೊಡುವ ಸಂಖ್ಯೆ) ಚಿಕ್ಕದು ಮೊದಲು ಅಂತ ಇಟ್ಟುಕೊಳ್ಳಿ. ಎರಡೂ ಒಂದೇ ಡೈರೆಕ್ಟರಿ ಆದರೆ ಒಂದೇ ಸಲ ಲಾಕ್ ಮಾಡಿ. ಇಲ್ಲದಿದ್ದರೆ ಪ್ರೋಸೆಸ್ ತನಗೆ ತಾನೇ ಕಾಯುತ್ತದೆ.

ರಾಯಚೂರು ಹುಡುಗ:
ಅಣ್ಣಾ, ಮಾಡಿದೆ. ಎ-ಬಿ ಈಗ ಸರಿ ಹೋಯಿತು. ಆದರೆ 'ಎ' ಒಳಗೇ 'ಬಿ' ಇದ್ದು, ಪಕ್ಕದಲ್ಲಿ ಅನ್‌ಲಿಂಕ್ (ಹೆಸರು ಅಳಿಸುವ ಕಾಲ್) ಓಡಿಸಿದರೆ ಮತ್ತೆ ನಿಲ್ಲುತ್ತಿದೆ.

ಕೊಪ್ಪಳದವನು:
ತಮ್ಮಾ, ಬರೀ ನಂಬರ್ ಸಾಲದು. ಅನ್‌ಲಿಂಕ್ ತಾಯಿ ಡೈರೆಕ್ಟರಿ ಹಿಡಿದುಕೊಂಡೇ ಮಗುವನ್ನು, ಅಂದರೆ ಅದರೊಳಗಿನದನ್ನು, ಹಿಡಿಯುತ್ತದೆ. ಅಳಿಸಿದ ನಂಬರ್ ಮತ್ತೆ ಬಳಕೆಗೆ ಬರುತ್ತದೆ, ಹಾಗಾಗಿ ಮಗುವಿನದು ತಾಯಿಗಿಂತ ಚಿಕ್ಕದಿರಬಹುದು. ಆಗ ನಿನ್ನ ರಿನೇಮ್ ಮಗುವಿನಿಂದ ಶುರು ಮಾಡುತ್ತದೆ, ಅಲ್ವಾ? ಲಿನಕ್ಸ್‌ನಲ್ಲಿ ಡೈರೆಕ್ಟರಿಗಳ ಮರದಲ್ಲಿ ಮೇಲಿರುವುದನ್ನೇ ಮೊದಲು ಹಿಡಿಯುತ್ತಾರೆ. ಎರಡಕ್ಕೂ ಅಂಥ ಸಂಬಂಧ ಇಲ್ಲದಿದ್ದರೆ ಮಾತ್ರ ಬೇರೆ ಕ್ರಮ.

ಯಾವುದು ಮೇಲಿದೆ ಅಂತ ನೋಡುವಷ್ಟರಲ್ಲಿ ಇನ್ನೊಂದು ರಿನೇಮ್ ಮರವನ್ನೇ ಬದಲಿಸಬಹುದು. ಅದಕ್ಕೇ ಲಿನಕ್ಸ್‌ನಲ್ಲಿ ಬೇರೆ ಬೇರೆ ಡೈರೆಕ್ಟರಿ ನಡುವಿನ ರಿನೇಮ್‌ಗೆ ಇಡೀ ಫೈಲ್ ಸಿಸ್ಟಮ್‌ಗೆ ಒಂದೇ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಲಾಕ್) ಇದೆ. ನೀನೂ ಅಂಥದೊಂದು ಇಟ್ಟು, ಅದನ್ನು ಎಲ್ಲಕ್ಕಿಂತ ಮೊದಲು ತಗೋ. ಆಮೇಲೆ '..' (ತಾಯಿ ಡೈರೆಕ್ಟರಿಯನ್ನು ತೋರಿಸುವ ಹೆಸರು) ಹಿಡಿದು ಮೇಲೆ ಹತ್ತು. ಹತ್ತುವಾಗ ಒಂದು ಸಲಕ್ಕೆ ಒಂದೇ ಲಾಕ್, ಇದು ಮುಖ್ಯ. ಡೈರೆಕ್ಟರಿಯನ್ನು ಅದರ ಹೊಟ್ಟೆಯೊಳಗೇ ಸಾಗಿಸುತ್ತಿದ್ದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ. ತಡೆಯದೆ ಬಿಟ್ಟರೆ ಆ ಕೊಂಬೆ ಮರದಿಂದ ಕಳಚಿ ಹೋಗುತ್ತದೆ, ಎಲ್ಲಕ್ಕಿಂತ ಮೇಲಿನ ಡೈರೆಕ್ಟರಿಯಾದ ರೂಟ್‌ನಿಂದ ದಾರಿಯೇ ಇರುವುದಿಲ್ಲ.

ಬಳ್ಳಾರಿಯಿಂದ:
ಹೌದು, ನನ್ನ ಉತ್ತರ ಅರ್ಧವಾಗಿತ್ತು. ಒಂದು ಮಾತು ಸೇರಿಸುತ್ತೇನೆ: ಲಾಕ್ ಸಿಕ್ಕ ಮೇಲೆ ಹೆಸರನ್ನು ಮತ್ತೆ ಹುಡುಕಿ. ಕಾಯುವಾಗ ಯಾರಾದರೂ ಅಳಿಸಿರಬಹುದು.

ರಾಯಚೂರು ಹುಡುಗ:
ಮ್ಯೂಟೆಕ್ಸ್ ಹಾಕಿದೆ, ಹೆಸರನ್ನೂ ಮತ್ತೆ ಹುಡುಕುತ್ತಿದ್ದೇನೆ. 3 ಸಿಪಿಯು ಕೊಟ್ಟು ರಿನೇಮ್, ಅನ್‌ಲಿಂಕ್ ಒಟ್ಟಿಗೆ ಬಿಟ್ಟಿದ್ದೇನೆ. ಊಟ ಮುಗಿಸಿ ಬಂದರೂ ಓಡುತ್ತಲೇ ಇದೆ.