ಪ್ಯಾಟರ್ಸನ್‌ನ ಪ್ಯಾಲೆಸ್ತೀನಿ ಹೋಟೆಲಿನಲ್ಲಿ ಸಸ್ಯಾಹಾರಿ ಹಿರಿಯರಿಗೆ ಏನು ತರಿಸಬಹುದು?

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ):
ಪ್ಯಾಟರ್ಸನ್‌ನಲ್ಲಿ ಹುಟ್ಟಿ ಬೆಳೆದ ನನ್ನ ಪ್ಯಾಲೆಸ್ತೀನಿ ಸಹೋದ್ಯೋಗಿಯೊಬ್ಬರು, ಮೈಸೂರಿನಿಂದ ಬಂದಿರುವ ನನ್ನ ತಂದೆ-ತಾಯಿಯನ್ನೂ ಸೇರಿಸಿ ಮನೆಯವರೆಲ್ಲರನ್ನೂ ಭಾನುವಾರ ತಮ್ಮ ಬೀದಿಯ ಹೋಟೆಲಿಗೆ ಊಟಕ್ಕೆ ಕರೆದಿದ್ದಾರೆ. ನಾನು ಮಾಂಸ ತಿನ್ನುತ್ತೇನೆ. ಅಪ್ಪ-ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅವರ ಊಟ ಬರೀ ಹಮ್ಮಸ್ (ಬೇಯಿಸಿ ಅರೆದ ಕಡಲೆ) ಮತ್ತು ರೊಟ್ಟಿಯಲ್ಲಿ ಮುಗಿಯಬಾರದು, ಕರೆದವರ ಮನಸ್ಸಿಗೂ ನೋವಾಗಬಾರದು. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಕ್ಲಿಫ್ಟನ್):
ಮೊದಲು ಮುಜದ್ದರ ತರಿಸಿ. ಅಕ್ಕಿಯನ್ನೂ ಸಿಪ್ಪೆಯಿರುವ ಇಡೀ ಮಸೂರವನ್ನೂ ಒಟ್ಟಿಗೆ ಬೇಯಿಸಿ, ಆಲಿವ್ ಎಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದ ಈರುಳ್ಳಿಯನ್ನು ಮೇಲೆ ಹರಡುವ ಈ ಅನ್ನದಲ್ಲಿ ಖಾರವಿಲ್ಲ. ಆದರೂ ಮೊಸರಿನೊಡನೆ ಕಲಸಿಕೊಂಡ ನಮ್ಮ ಅತ್ತೆಯವರು ಎರಡನೇ ಸಲ ಕೇಳಿ ಬಡಿಸಿಕೊಂಡರು. ಸುಟ್ಟ ಬದನೆಕಾಯಿ ಗೊಜ್ಜು ತಿಂದು ಬೆಳೆದವರಿಗೆ ಮುತಬ್ಬಲ್ ಹೊಸದೆನಿಸುವುದಿಲ್ಲ; ಅದಕ್ಕೆ ಹುಣಸೆಯ ಬದಲು ನಿಂಬೆರಸ ಮತ್ತು ಅರೆದ ಎಳ್ಳು ಬೀಳುತ್ತವೆ.

ಎಚ್ಚರ ಬೇಕಾದುದು ಕಣ್ಣಿಗೆ ಕಾಣದ ಮಾಂಸದ ವಿಷಯದಲ್ಲಿ. ಪಾತ್ರೆಯನ್ನು ತಟ್ಟೆಯ ಮೇಲೆ ಬೋರಲು ಹಾಕಿ ಬಡಿಸುವ ಮಕ್ಲೂಬೆಯ ಮೇಲ್ಪದರದಲ್ಲಿ ಬದನೆ, ಹೂಕೋಸು ಕಂಡರೂ ಅನ್ನವು ಸಾಮಾನ್ಯವಾಗಿ ಮಾಂಸ ಬೆಂದ ನೀರಿನಲ್ಲೇ ಬೆಂದಿರುತ್ತದೆ. ಹಸಿರು ಗೋಧಿಯನ್ನು ಸುಟ್ಟು ಮಾಡುವ ಫ್ರೀಕೆಯ ಸೂಪಿಗೂ ಹೆಚ್ಚಾಗಿ ಕೋಳಿಯ ಸಾರೇ ಆಧಾರ. ಆದ್ದರಿಂದ ‘ಮಾಂಸವಿದೆಯೇ’ ಎಂದಷ್ಟೇ ಕೇಳದೆ, ‘ಯಾವ ನೀರಿನಲ್ಲಿ ಬೇಯಿಸಿದ್ದೀರಿ’ ಎಂದು ಕೇಳಿ.

ಉತ್ತರ 2 (ಜೆರ್ಸಿ ಸಿಟಿ):
ಅಡುಗೆಯವರ ಮೂಲ ಯಾವ ಊರೆಂದು ವಿಚಾರಿಸುವುದು ಒಳ್ಳೆಯದು, ಏಕೆಂದರೆ ಊರಿಗೆ ತಕ್ಕಂತೆ ಅಡುಗೆಯೂ ಬದಲಾಗುತ್ತದೆ. ಗಾಜಾದವರಾದರೆ ನಿಮ್ಮ ತಾಯಿಯವರಿಗೆ ಬಹಳ ಸಂತೋಷವಾಗಬಹುದು: ಅಲ್ಲಿಯವರು ಹಸಿಮೆಣಸಿನಕಾಯಿ ಮತ್ತು ನಮ್ಮ ಸಬ್ಬಸಿಗೆ ಸೊಪ್ಪನ್ನು ಧಾರಾಳವಾಗಿ ಬಳಸುತ್ತಾರೆ, ಬೆಳ್ಳುಳ್ಳಿ ಟೊಮೆಟೊಗಳೊಡನೆ ಮಣ್ಣಿನ ಬಟ್ಟಲಿನಲ್ಲಿ ಜಜ್ಜಿ ದಗ್ಗಾ ಮಾಡುತ್ತಾರೆ. ಬದನೆ, ಮಸೂರ, ದಾಳಿಂಬೆ ರಸ ಸೇರಿಸಿ ಮಾಡುವ ರುಮ್ಮಾನಿಯ್ಯಾ ಕೂಡ ಗಾಜಾದ ಸಸ್ಯಾಹಾರವೇ. ಇದು ಮನೆಯಡುಗೆ, ಮೆನುವಿನಲ್ಲಿ ಇರಬೇಕೆಂದಿಲ್ಲ. ಮುಂಚಿತವಾಗಿ ಫೋನ್ ಮಾಡಿ ಕೇಳಿ.

ಉತ್ತರ 3 (ವೇಯ್ನ್):
ಮಾಂಸ ತಿನ್ನುವ ನೀವು ಮುಸಖ್ಖನ್, ಅಂದರೆ ರೊಟ್ಟಿಯ ಮೇಲೆ ಕೋಳಿ ಇಟ್ಟು ಬಡಿಸುವ ಖಾದ್ಯ, ಬಿಡಬೇಡಿ. ಸುಮಾಕ್ ಎಂಬ ಕೆಂಪು ಹಣ್ಣಿನ ಪುಡಿಯ ಹುಳಿ ಮತ್ತು ಈರುಳ್ಳಿ ಹೀರಿಕೊಂಡ, ತಬೂನ್ ಎಂಬ ಒಲೆಯಲ್ಲಿ ಸುಟ್ಟ ರೊಟ್ಟಿಯೇ ಅದರ ಜೀವ. ನನ್ನ ಮಟ್ಟಿಗೆ ಕೋಳಿ ಎರಡನೆಯದು. ಕುನಾಫೆಯ ಬಗ್ಗೆ ಒಂದು ಮಾತು: ನಾಬ್ಲುಸ್ ಊರಿನ ಹೆಸರಿನ ಉಪ್ಪಿನ ನಾಬ್ಲುಸಿ ಚೀಸನ್ನು ನೀರಿನಲ್ಲಿ ನೆನೆಸಿ ಉಪ್ಪು ತೆಗೆದು ಮಾಡುವ ಈ ಬಿಸಿ ಸಿಹಿಯಲ್ಲಿ ಮೊಟ್ಟೆಯಿಲ್ಲ, ಆದರೆ ಚೀಸಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿರಬಹುದು. ಇದನ್ನು ಹಿರಿಯರಿಗೆ ಮೊದಲೇ ತಿಳಿಸಿ, ತೀರ್ಮಾನ ಅವರಿಗೇ ಬಿಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಸಹೋದ್ಯೋಗಿಯವರೊಂದಿಗೆ ಮಾತಾಡಿದೆ, ಹೋಟೆಲಿನವರು ಗಾಜಾದವರಂತೆ. ರುಮ್ಮಾನಿಯ್ಯಾ ಮಾಡಿಸಲು ಸಹೋದ್ಯೋಗಿಯವರೇ ಇಂದು ಫೋನ್ ಮಾಡುತ್ತಾರೆ. ಸಬ್ಬಸಿಗೆಯ ವಿಷಯ ಕೇಳಿ ಅಮ್ಮ ಈಗಲೇ ದಗ್ಗಾ ಮಾಡುವ ಕ್ರಮ ಕೇಳುತ್ತಿದ್ದಾರೆ.