ಸ್ಕ್ಯಾನ್ ಚೆನ್ನಾಗಿದೆ ಅಂತಾರೆ, ಅಮ್ಮನಿಗೆ ಮುಖವೇ ಕಾಣಲ್ಲ: ಅನುಭವ ಇದ್ದವರು ಹೇಳಿ

ಪ್ರಶ್ನೆ

ಅಮ್ಮನ ಎಡಗಣ್ಣಿಗೆ ವೆಟ್ ಎಎಂಡಿ, ಅಂದ್ರೆ ವಯಸ್ಸಾದ ಮೇಲೆ ಮ್ಯಾಕ್ಯುಲಾಗೆ (ರೆಟಿನಾ ಅನ್ನೋ ಕಣ್ಣಿನ ಹಿಂಪರದೆಯ ನಡುಭಾಗ) ಬರೋ ಕಾಯಿಲೆಯಲ್ಲಿ ರಕ್ತನಾಳ ಸೋರುವ ಬಗೆ. ಕಣ್ಣಿಗೆ ಇಂಜೆಕ್ಷನ್ ನಡೀತಿದೆ. ಈ ಸಲ ಓಸಿಟಿ ಅನ್ನೋ ಸ್ಕ್ಯಾನ್ ನೋಡಿದ ಡಾಕ್ಟರು ‘ನೀರು ಪೂರ್ತಿ ಇಳಿದಿದೆ, ಒಳ್ಳೇ ರಿಸಲ್ಟು’ ಅಂದ್ರು. ರೆಟಿನಾದ ದಪ್ಪ 410 ಮೈಕ್ರಾನ್ ಇದ್ದದ್ದು 240ಕ್ಕೆ ಬಂದಿದೆ. ಅಮ್ಮ ಮಾತ್ರ ಆ ಕಣ್ಣಲ್ಲಿ ನೋಡಿದ್ರೆ ಎದುರಿಗಿರೋರ ಮುಖ ಅಳಿಸಿದ ಹಾಗಿದೆ ಅಂತಾರೆ. ಯಾರ ಮಾತು ನಂಬೋದು? ಸ್ಕ್ಯಾನಲ್ಲಿ ಏನು ನೋಡ್ಬೇಕು, ಡಾಕ್ಟರನ್ನ ಏನು ಕೇಳ್ಬೇಕು? ಇದನ್ನ ಅನುಭವಿಸಿದವರು ದಯವಿಟ್ಟು ಬರೀರಿ.

ಉತ್ತರ 1

ರೆಟಿನಾ ವಿಭಾಗದಲ್ಲಿ ಸ್ಕ್ಯಾನ್ ತೆಗೆಯೋದು ನನ್ನ ಕೆಲಸ. ಇಬ್ಬರ ಮಾತನ್ನೂ ನಂಬಿ. ಡಾಕ್ಟರು ಹೇಳಿದ್ದು ನೀರಿನ ಬಗ್ಗೆ, ಅಮ್ಮ ಹೇಳ್ತಿರೋದು ನೋಟದ ಬಗ್ಗೆ. ಗೋಡೆ ಒಣಗಿದ ಮಾತ್ರಕ್ಕೆ ಒಳಗೆ ಸುಟ್ಟುಹೋದ ವೈರಿಂಗ್ ಸರಿಹೋಗಲ್ವಲ್ಲ.

ಓಸಿಟಿ ಕಣ್ಣೊಳಗೆ ಬೆಳಕು ಬಿಟ್ಟು, ಯಾವ ಆಳದಿಂದ ಎಷ್ಟು ಮರಳಿ ಬಂತು ಅಂತ ಅಳೆದು, ರೆಟಿನಾವನ್ನ ಅಡ್ಡ ಸೀಳಿದಂತೆ ಪದರ ಪದರವಾಗಿ ತೋರಿಸುತ್ತೆ. ಈ ವಿಧಾನ ಮೊದಲು ಪ್ರಕಟವಾದದ್ದು 1991ರಲ್ಲಿ. ಈಗಿನ ಯಂತ್ರಗಳು ಐದಾರು ಮೈಕ್ರಾನಿನಷ್ಟು ಸೂಕ್ಷ್ಮವನ್ನೂ ಬಿಡಿಸಿ ತೋರಿಸ್ತವೆ. ಆದರೂ ಅಲ್ಲಿನ ಕೋಶಗಳು ಕೆಲಸ ಮಾಡ್ತಿವೆಯಾ ಅನ್ನೋದಕ್ಕೆ ಅದರಿಂದ ಸಿಗೋದು ಸುಳಿವು ಮಾತ್ರ.

ಆ ಸುಳಿವು ಎಲ್ಲಿದೆ ಅಂದ್ರೆ, ಕಪ್ಪು-ಬಿಳುಪು ಚಿತ್ರದ ಕೆಳಭಾಗದ ಹೊಳೆಯುವ ಗೆರೆಗಳಲ್ಲಿ. ದಪ್ಪಗೆ ಹೊಳೆಯೋದು ಆರ್‌ಪಿಇ, ಬೆಳಕು ಹಿಡಿಯೋ ಕೋಶಗಳನ್ನ ಸಾಕುವ ಪದರ. ಅದರ ಮೇಲಿನ ತೆಳು ಗೆರೆ ಎಲಿಪ್ಸಾಯ್ಡ್ ಝೋನ್, ಅದು ಆ ಕೋಶಗಳದ್ದೇ. ನಟ್ಟನಡುವೆ, ಅಂದ್ರೆ ನೋಟ ಅತಿ ಚುರುಕಾಗಿರೋ ಫೋವಿಯಾ ಇರುವಲ್ಲಿ, ಈ ಗೆರೆ ಅಖಂಡವಾಗಿದೆಯಾ ಅಂತ ಕೇಳಿ. ಮುರಿದಿದ್ದರೆ ನೀರು ಇಳಿದರೂ ನೋಟ ಅಷ್ಟಾಗಿ ಮರಳದೇ ಇರಬಹುದು. ಸೋರಿದ ಜಾಗದಲ್ಲಿ ಗಾಯದ ಕಲೆ ಕಟ್ಟಿದ್ದರೆ ಹೊಳೆಯುವ ಗಟ್ಟಿ ಮುದ್ದೆಯೊಂದು ಕಾಣುತ್ತೆ, ಅದು ಇಂಜೆಕ್ಷನ್ನಿಗೆ ಕರಗೋದಿಲ್ಲ.

ಇನ್ನು ಆ 240. ಊತ ಇಳಿದರೂ ಅಷ್ಟಾಗುತ್ತೆ, ಕೋಶ ಸತ್ತು ಪದರ ಸವೆದರೂ ಅಷ್ಟಾಗುತ್ತೆ. ನಂಬರೊಂದನ್ನೇ ನೋಡಿ ಖುಷಿಪಡೋರನ್ನ ದಿನಾ ನೋಡ್ತೀನಿ, ಬೇಸರವಾಗುತ್ತೆ. ಬಣ್ಣದ ನಕ್ಷೆಯಲ್ಲಿ ಕೆಂಪು ಕಂಡ ಕೂಡಲೇ ರಕ್ತ ಅಂತ ಹೆದರೋರೂ ಇದ್ದಾರೆ. ಅಲ್ಲಿ ಕೆಂಪು ಅಂದ್ರೆ ದಪ್ಪ, ನೀಲಿ ಅಂದ್ರೆ ತೆಳು, ಅಷ್ಟೇ. ಬೇರೆ ಬೇರೆ ಕಂಪನಿಯ ಯಂತ್ರಗಳು ದಪ್ಪವನ್ನ ಬೇರೆ ಬೇರೆ ಗೆರೆವರೆಗೆ ಅಳೀತವೆ, ಹಾಗಾಗಿ ಒಂದರ ನಂಬರನ್ನ ಇನ್ನೊಂದಕ್ಕೆ ಹೋಲಿಸಬೇಡಿ. ಕಣ್ಣಿಗೆ ಪೊರೆ (ಕ್ಯಾಟರ್ಯಾಕ್ಟ್) ಬಂದಿದ್ದರೆ ಚಿತ್ರವೇ ಮಸುಕಾಗಿರುತ್ತೆ, ಅದನ್ನೂ ವಿಚಾರಿಸಿ.

ಉತ್ತರ 2

ನನಗಿರೋದು ಇದೇ ಕಾಯಿಲೆಯ ಡ್ರೈ ಬಗೆ, ಅಂದ್ರೆ ಸೋರಿಕೆ ಇಲ್ಲದೆ ಕೋಶಗಳು ಸಾಯುವ ಬಗೆ, ಅದರಲ್ಲೂ ಮುಂದುವರಿದ ಹಂತ. ಗೋಡೆ ಮೇಲಿನ ಚಾರ್ಟಿನಲ್ಲಿ ಕೆಳಗಿನ ಸಾಲಿನವರೆಗೂ ಓದ್ತೀನಿ. ಆದ್ರೆ ಪತ್ರಿಕೆ ಓದೋಕಾಗಲ್ಲ, ಪದದ ಅರ್ಧ ಮಾಯವಾಗುತ್ತೆ. ‘ದೃಷ್ಟಿ ಚೆನ್ನಾಗಿದೆಯಲ್ಲ’ ಅಂತ ಮನೆಯವರು ಅನ್ನೋವಾಗ ನಾನು ಸುಳ್ಳು ಹೇಳ್ತಿದ್ದೀನಿ ಅಂತ ಅವರಿಗನಿಸ್ತಿತ್ತೇನೋ.

ಗೊತ್ತಾಗಿದ್ದು ಆಟೋಫ್ಲೋರೆಸೆನ್ಸ್ ಅನ್ನೋ ಫೋಟೋದಿಂದ. ಇದಕ್ಕೆ ಡೈ ಇಂಜೆಕ್ಷನ್ ಬೇಡ. ಆರ್‌ಪಿಇ ಕೋಶಗಳಲ್ಲಿ ಕೂಡಿಕೊಂಡಿರೋ ಲಿಪೋಫ್ಯೂಸಿನ್ ಅನ್ನೋ ಕಸದಂಥ ವಸ್ತು ತಾನಾಗಿ ಮಿನುಗುತ್ತೆ, ಕೋಶ ಸತ್ತ ಕಡೆ ಕಗ್ಗತ್ತಲು. ನನ್ನ ಚಿತ್ರದಲ್ಲಿ ಕೇಂದ್ರದ ಸುತ್ತ ಕುದುರೆ ಲಾಳದ ಆಕಾರದ ಕಪ್ಪು, ನಡುವೆ ಪುಟ್ಟ ಜಾಗ ಮಾತ್ರ ಉಳಿದಿದೆ. ಒಂದೊಂದೇ ಅಕ್ಷರ ಆ ಜಾಗದಲ್ಲಿ ಹಿಡಿಸುತ್ತೆ, ಇಡೀ ಪದ ಅಥವಾ ಮುಖ ಹಿಡಿಸಲ್ಲ. ಚಾರ್ಟು ಇದನ್ನ ಹಿಡಿಯೋದೇ ಇಲ್ಲ.

ಮೈಕ್ರೋಪೆರಿಮೆಟ್ರಿ ಅನ್ನೋ ಪರೀಕ್ಷೆ ಇದೆಯಾ ಅಂತ ವಿಚಾರಿಸಿ. ಮಂದ ಬೆಳಕಿನ ಚುಕ್ಕೆ ತೋರಿಸ್ತಾರೆ, ಕಂಡಾಗ ಬಟನ್ ಒತ್ತಬೇಕು. ಕಣ್ಣು ಅಲುಗಿದರೂ ಯಂತ್ರ ರೆಟಿನಾವನ್ನ ಹಿಂಬಾಲಿಸುತ್ತೆ, ಹಾಗಾಗಿ ಯಾವ ಜಾಗ ಕಾಣುತ್ತೆ, ಯಾವುದು ಕುರುಡು ಅಂತ ಫೋಟೋ ಮೇಲೇ ನಕ್ಷೆ ಬರುತ್ತೆ. ತುಂಬಾ ಹೊತ್ತು ಹಿಡಿಯುತ್ತೆ, ವಯಸ್ಸಾದವರಿಗೆ ಸಾಕಾಗಿ ಹೋಗುತ್ತೆ. ಆದ್ರೆ ಕೇಂದ್ರ ಹೋದ ಮೇಲೆ ಕಣ್ಣು ಯಾವ ಬದಿಯನ್ನ ಬಳಸ್ತಿದೆ ಅಂತಲೂ ತೋರಿಸುತ್ತೆ, ಲೋ ವಿಷನ್ ತರಬೇತಿಯವರಿಗೆ, ಅಂದ್ರೆ ಉಳಿದ ನೋಟ ಬಳಸೋದನ್ನ ಕಲಿಸೋರಿಗೆ, ಅದು ಬೇಕಾಗುತ್ತೆ.

ಉತ್ತರ 3

ಮೊದಲನೇ ಉತ್ತರ ಸರಿ, ಆದ್ರೆ ಗೆರೆ ಮುರಿದಿದೆ ಅಂದ ಕೂಡಲೇ ಕೈಚೆಲ್ಲಬೇಡಿ. ನಮ್ಮ ಅಪ್ಪಂದು ನೀರಿಳಿದಾಗ ತುಂಡು ತುಂಡಾಗಿತ್ತು, ಆಮೇಲಿನ ಸ್ಕ್ಯಾನುಗಳಲ್ಲಿ ಒಂದಿಷ್ಟು ಕೂಡಿಕೊಂಡಿತು, ನೋಟವೂ ನಿಧಾನಕ್ಕೆ ಸ್ವಲ್ಪ ಸುಧಾರಿಸಿತು. ನೀರು ಎಲ್ಲಿತ್ತು ಅಂತಲೂ ಕೇಳಿ. ರೆಟಿನಾದ ಒಳಗೇ ಗುಳ್ಳೆ ಆಗಿದ್ದರೆ ನೋಟಕ್ಕೆ ಹೆಚ್ಚು ಕೇಡು. ರೆಟಿನಾದ ಕೆಳಗೆ ಸ್ವಲ್ಪ ಉಳಿದರೂ ಕೆಲವರಿಗೆ ಚೆನ್ನಾಗೇ ಕಾಣುತ್ತೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಆಸ್ಪತ್ರೆಗೆ ಫೋನ್ ಮಾಡಿದ್ದೆ. ಮುಂದಿನ ಸಲ ಕೈಗೆ ಡೈ ಚುಚ್ಚಿ ಕಣ್ಣಿನ ಆಂಜಿಯೋಗ್ರಾಮ್ (ರಕ್ತನಾಳಗಳ ಫೋಟೋ) ಮಾಡ್ಬೇಕಾಗಬಹುದು ಅಂದ್ರು. ಅಮ್ಮ ಹೆದರಿದ್ದಾರೆ. ಡೈ ಇಲ್ಲದೆಯೂ ಆಗುತ್ತಂತಲ್ಲ?

ಉತ್ತರ 1, ಮತ್ತೆ

ಡೈ ಇಲ್ಲದ್ದು ಓಸಿಟಿ ಆಂಜಿಯೋಗ್ರಫಿ. ರಕ್ತಕಣಗಳ ಚಲನೆಯಿಂದಲೇ ನಾಳಗಳ ಬಲೆಯನ್ನ ತೋರಿಸುತ್ತೆ, ಸೋರಿಕೆಯನ್ನ ತೋರಿಸಲ್ಲ. ಸೋರಿಕೆ ನೋಡ್ಬೇಕಂದ್ರೆ ಫ್ಲೋರೆಸಿನ್ ಡೈಯೇ ಬೇಕು. ಯಾವುದು ತಿಳೀಬೇಕಾಗಿದೆ ಅಂತ ಡಾಕ್ಟರನ್ನೇ ಕೇಳಿ. ಡೈ ಹಾಕಿದ ಮೇಲೆ ಕೆಲವರಿಗೆ ಸ್ವಲ್ಪ ಹೊತ್ತು ವಾಕರಿಕೆ ಬರುತ್ತೆ, ಚರ್ಮ ಹಳದಿಯಾಗುತ್ತೆ, ಮೂತ್ರ ಗಾಢ ಹಳದಿ ಬರುತ್ತೆ. ಮೊದಲೇ ಹೇಳಿಟ್ಟರೆ ಅಮ್ಮ ಗಾಬರಿಯಾಗಲ್ಲ. ಅಪರೂಪಕ್ಕೆ ತೀವ್ರ ಅಲರ್ಜಿ ಆಗೋದುಂಟು, ಹಿಂದೆ ಯಾವುದೇ ಔಷಧಿಗೆ ಆಗಿದ್ದರೆ ತಪ್ಪದೆ ತಿಳಿಸಿ.

ಉತ್ತರ 2, ಮತ್ತೆ

ಮನೇಲಿ ಆಮ್ಸ್ಲರ್ ಗ್ರಿಡ್, ಅಂದ್ರೆ ಚೌಕಳಿ ಗೆರೆ ಎಳೆದು ನಡುವೆ ಚುಕ್ಕೆ ಇಟ್ಟ ಹಾಳೆ, ಇಟ್ಕೊಳ್ಳಿ. ಓದೋ ಕನ್ನಡಕ ಹಾಕಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನಡುವಿನ ಚುಕ್ಕೆಯನ್ನೇ ನೋಡಿಸಿ. ಒಳ್ಳೇ ಕಣ್ಣನ್ನೂ ಬಿಡಬೇಡಿ, ಅದಕ್ಕೂ ಕಾಯಿಲೆ ಬರಬಹುದು. ಗೆರೆ ಹೊಸದಾಗಿ ಸೊಟ್ಟಗೆ ಕಂಡರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಹೋಗಿ, ಹೊಸ ಸ್ಕ್ಯಾನನ್ನ ಹಳೇದರ ಪಕ್ಕ ಇಟ್ಟು ಅದೇ ಜಾಗದ ಸೀಳು ತೋರಿಸಿ ಅಂತ ಕೇಳಿ.